ಎರಡೂ ನಲವತ್ತರ ಕಿಟಕಿ

ಹಡಪಸರ, ಪುಣೆ
18 ನವೆಂಬರ್ 2006

ಶರಣಮ್ಮ ವೈನಿಯವರಿಗೆ,

ಕುಶಲ ಪ್ರಶ್ನೆಗೆ ಮೊದಲು ಒಂದು ತಪ್ಪೊಪ್ಪಿಗೆ. ನಾನು, ಮಹಾಲಿಂಗ, ವಯಸ್ಸು ನಲವತ್ತನಾಲ್ಕು, ವೃತ್ತಿಯಿಂದ ಭೌತಶಾಸ್ತ್ರದ ಅಧ್ಯಾಪಕ, ಪ್ರವೃತ್ತಿಯಿಂದ ಬ್ರಹ್ಮಚಾರಿ, ಇದೇ ತಿಂಗಳು ಹನ್ನೊಂದನೇ ತಾರೀಖು ಸಂಜೆ ಏಳೂಕಾಲಿಗೆ, ಪೂರ್ಣ ಎಚ್ಚರದಲ್ಲಿ, ಯಾರ ಬಲವಂತವೂ ಇಲ್ಲದೆ, ಸ್ವಂತ ಅಣ್ಣನ ಹೋಟೆಲಿನ ಬೋರ್ಡಿನಿಂದ ಒಂದು ಟ್ಯೂಬ್‌ಲೈಟನ್ನು ಕದ್ದಿದ್ದೇನೆ. ಕದ್ದ ಮಾಲು ನನ್ನ ಮಂಚದ ಕೆಳಗೆ ಮಲಗಿದೆ. ಧರ್ಮರಾಜನ ಮನೆಯಲ್ಲೇ ಅಧರ್ಮ ನಡೆದುಹೋಯಿತು ಎಂಬುದು ಧರ್ಮರಾಜಣ್ಣನಿಗೆ ಇನ್ನೂ ತಿಳಿದಿಲ್ಲ. ಅವನು ದಿನಾ ಎಲೆಕ್ಟ್ರಿಶಿಯನ್ನಿಗೆ ಮರಾಠಿಯಲ್ಲಿ ಬೈಯುತ್ತಾನೆ. ನಾನು ಪಕ್ಕದಲ್ಲಿ ನಿಂತು, ಕಾಲ ಕೆಟ್ಟಿತು ಎಂಬಂತೆ ತಲೆಯಾಡಿಸುತ್ತೇನೆ.

ಈ ಪಾಪ ನಿಮಗೋಸ್ಕರ. ಆ ಬೋರ್ಡಿನ ಬೆಳಕು ಮೇಲಕ್ಕೆ ಬಡಿದು, ಟೆರೇಸಿನಿಂದ ಕಾಣುವ ಆಕಾಶವೆಲ್ಲ ನೀರುಮಜ್ಜಿಗೆಯಾಗುತ್ತಿತ್ತು. ನಿಮ್ಮ ಯಜಮಾನ, ನನ್ನ ಗೆಳೆಯ ಶಿವರುದ್ರ ಇದ್ದಾಗ ಅವನೇ ಅಣ್ಣನಿಗೆ ಹೇಳಿ ರಾತ್ರಿ ಆರಿಸುವಂತೆ ಮಾಡುತ್ತಿದ್ದ. ಅವನ ಮಾತಿಗೆ ಬೆಲೆಯಿತ್ತು, ನನ್ನದಕ್ಕೆ ಬರೀ ಬಾಯಿ. ಆಗಸ್ಟಿನಲ್ಲಿ ಅವನು ತೀರಿಹೋದ ಹದಿನೈದನೇ ದಿನ, ನೀವು ಆಳಂದಕ್ಕೆ ಹೊರಟಾಗ ಸ್ಟೇಷನ್ನಿನಲ್ಲಿ ಹೇಳಿದ ಮಾತು ನೆನಪಿದೆ: ‘ಅವರ ಫೋಟೋ ಅರ್ಧಕ್ಕ ನಿಂತದ ಅಣ್ಣಾರ, ಅದೊಂದು ಪೂರಾ ಮಾಡ್ರಿ.’ ಮಳೆಗಾಲ ಮುಗಿಯಲಿ ಎಂದು ಕಾದೆ. ಈಗ ಶುರುಮಾಡಿದ್ದೇನೆ.

ಅವನ ಯಂತ್ರ ನೀವು ನೋಡಿದವರೇ. ಮೂರು ಕಾಲು, ಅದರ ಮೇಲೆ ‘ಮೌಂಟ್’ ಎಂಬ ಮೋಟಾರಿನ ಕತ್ತು, ಕತ್ತಿನ ಮೇಲೆ ದೂರದರ್ಶಕ, ಹಿಂದೆ ಕ್ಯಾಮೆರಾ. ಈ ಕತ್ತಿಗೆ ಮೊದಲು ಧ್ರುವ ನಕ್ಷತ್ರವನ್ನು ತೋರಿಸಬೇಕು. ಆಮೇಲೆ ಎರಡು ದೊಡ್ಡ ನಕ್ಷತ್ರಗಳ ಪರಿಚಯ ಮಾಡಿಸಬೇಕು. ಅಷ್ಟಾದರೆ ಮಿಕ್ಕ ಆಕಾಶವೆಲ್ಲ ಅದಕ್ಕೆ ಬಾಯಿಪಾಠ. ಪುಣೆಯಲ್ಲಿ ಧ್ರುವ ತೀರಾ ಕೆಳಗೆ, ಹೊಗೆಯಲ್ಲಿ ಹೂತಿರುತ್ತಾನೆ. ಎರಡು ರಾತ್ರಿ ನಾನು ಧ್ರುವನೆಂದು ಭಕ್ತಿಯಿಂದ ಹಿಡಿದದ್ದು ಯಾವುದೋ ಹೊಸ ಕಟ್ಟಡದ ಕ್ರೇನಿನ ತುದಿಯ ದೀಪವನ್ನು. ಮೂರನೇ ದಿನ ಕ್ರೇನು ತಿರುಗಿತು, ಧ್ರುವ ಸ್ಥಾನಪಲ್ಲಟಗೊಂಡ! ಈಗ ಎಲ್ಲ ಸರಿಯಾಗಿದೆ.

ರಾತ್ರಿ ಏನೇನು ಮಾಡಬೇಕೆಂಬ ಪಟ್ಟಿಯನ್ನು ಶಿವರುದ್ರನೇ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದಾನೆ. ಇಷ್ಟು ಹೊತ್ತಿಗೆ ಏಳು, ಇತ್ತ ತಿರುಗು, ಐದೈದು ನಿಮಿಷದ ಚಿತ್ರ ತೆಗೆ, ಬೆಳಗಾದರೆ ಮಲಗು. ಅದರ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಸಂಜೆ ಗುಂಡಿ ಒತ್ತುತ್ತೇನೆ, ಬೆಳಿಗ್ಗೆ ಚಿತ್ರ ಎತ್ತಿಕೊಳ್ಳುತ್ತೇನೆ.

ನಾಡಿದ್ದಿನಿಂದ ಟೆರೇಸಿನಲ್ಲೇ, ಯಂತ್ರದ ಮಗ್ಗುಲಲ್ಲೇ ಒಬ್ಬನೇ ಮಲಗುವವನಿದ್ದೇನೆ. ‘ಸತ್ತವನ ಸಾಮಾನು, ರಾತ್ರಿ ಜೊತೆಗೆ ಇಟ್ಕೊಳ್ಬೇಡ ಮಾರಾಯ’ ಎಂದು ಅಣ್ಣ ಹೆದರಿಸಿದ. ಭೌತಶಾಸ್ತ್ರದವನಿಗೆ ಭೂತವೆಲ್ಲಿಯದು, ನನಗಿರುವುದು ವರ್ತಮಾನ ಮಾತ್ರ ಎಂದೆ. ನೀವು ನಿಶ್ಚಿಂತೆಯಿಂದಿರಿ.

ಶಿಕ್ಷೆಗೆ ಕಾದಿರುವ ಕಳ್ಳ,
ಮಹಾಲಿಂಗ


ಆಳಂದ
1 ಡಿಸೆಂಬರ್ 2006

ಮಹಾಲಿಂಗಣ್ಣನವರಿಗೆ ಶರಣು.

ಪತ್ರ ಮುಟ್ಟಿತು. ನಮ್ಮ ಅಣ್ಣ ಅಂಬಣ್ಣ ಓದಿಸಿಕೊಂಡು ನಕ್ಕ. ‘ಇಂಥಾ ಕಳ್ಳನ ಕೈಯಾಗ ದುರ್ಬೀನ ಕೊಟ್ಟು ಬಂದೀಯಲ್ಲವಾ ತಂಗಿ’ ಅಂದ. ನಾನು ಬಂದ ಮೇಲೆ ಈ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು. ನೀವು ಹೀಗೆ ಪತ್ರವನ್ನೇ ಬರೆಯಿರಿ. ಫೋನು ಅಣ್ಣನ ಅಂಗಡಿಯಲ್ಲಿದೆ, ಅಲ್ಲಿ ಮಾತಾಡಿದರೆ ಅರ್ಧ ಆಳಂದ ಕಿವಿಗೊಟ್ಟು ನಿಲ್ಲುತ್ತದೆ.

ನನಗೆ ಅಂಗನವಾಡಿಯಲ್ಲಿ ಕೆಲಸವಾಗಿದೆ. ಫೆಬ್ರವರಿ ಒಂದಕ್ಕೆ ಹಾಜರಾಗಬೇಕು. ಲಕೋಟೆ ಮೇಲೆ ಬರೀ ನನ್ನ ಹೆಸರು ಬರೆದಿದ್ದನ್ನು ನಾಲ್ಕು ಸಲ ಓದಿದೆ. ಜನವರಿ ಕೊನೆಗೆ ಪುಣೆಗೆ ಬಂದು, ಮನೆ ಖಾಲಿ ಮಾಡಿ, ಮಾಲಕರು ಅಪ್ಪಾಸಾಹೇಬರ ಕೈಗೆ ಕೀಲಿ ಒಪ್ಪಿಸಿ ಹೋಗುತ್ತೇನೆ.

ಒಂದು ಮಾತು ಕೇಳಬೇಕು. ನಾಲ್ಕು ವರ್ಷ, ಮಳೆಗಾಲ ಬಿಟ್ಟು, ಇವರು ರಾತ್ರಿಯೆಲ್ಲ ನಿಮ್ಮ ಮಾಳಿಗೆ ಮೇಲೆ ಕಳೆದರು. ಅಲ್ಲೇ ಚಾಪೆ ಹಾಸಿ ಒಂದಿಷ್ಟು ಅಡ್ಡಾಗಿ, ಬೆಳಿಗ್ಗೆ ಮನೆಗೆ ಬಂದು ಚಾ ಕುಡಿದು ಕಾರ್ಖಾನೆಗೆ. ಒಂದು ಗಲ್ಲಿ ಆಚೆ ನಾನು ಒಬ್ಬಳೇ. ಒಮ್ಮೆ ಜಗಳ ತೆಗೆದು ಕೇಳಿದ್ದೆ: ‘ಆ ಆಕಾಶದ ಚಿಕ್ಕಿಯೊಳಗ ಏನ್ ಅದರೀ, ಮನ್ಯಾಗ ಇಲ್ಲದ್ದು?’ ಅವರು ‘ಚಾ ಮಾಡು’ ಅಂದರು. ಅಷ್ಟೇ.

ಅಲ್ಲಿ ಕೂತಾಗ ಎಂದಾದರೂ ನನ್ನ ನೆನಪು ತೆಗೆಯುತ್ತಿದ್ದರಾ? ಚೇಷ್ಟೆ ಮಾಡದೆ ಬರೆಯಿರಿ. ಇದು ತಿಳಿಯದೆ ಆ ಮನೆಗೆ ಬೀಗ ಹಾಕಲು ನನಗೆ ಆಗುವುದಿಲ್ಲ.

ನಿಮ್ಮ ವೈನಿ,
ಶರಣಮ್ಮ


ಹಡಪಸರ
19 ಡಿಸೆಂಬರ್ 2006

ವೈನಿಯವರಿಗೆ,

ಅಂಗನವಾಡಿಯ ಸುದ್ದಿ ಓದಿ, ಅಣ್ಣನ ಹೋಟೆಲಿನಲ್ಲಿ ನಾನೇ ನನಗೆ ಶಿರಾ ತಿನ್ನಿಸಿದೆ. ಆಳಂದದ ಮಕ್ಕಳ ಪುಣ್ಯ.

ನಿಮ್ಮ ಪ್ರಶ್ನೆಗೆ ಚೇಷ್ಟೆಯಿಲ್ಲದ ಉತ್ತರ: ಶಿವರುದ್ರ ಟೆರೇಸಿನ ಮೇಲೆ ನಾಲ್ಕು ವರ್ಷದಲ್ಲಿ ಆಡಿದ್ದು ಒಟ್ಟು ಮೂರು ಮಾತು. ‘ಮೋಡ’, ‘ಚಾ’, ‘ಅಲ್ಲಾಡಬ್ಯಾಡ್ರಿ’. ನಿಮ್ಮ ಹೆಸರು ಎತ್ತಿದ್ದು ನಾನು ಕೇಳಿಲ್ಲ. ಹತ್ತು ಹೊಡೆದರೆ ನಾನು ನನ್ನ ಕೋಣೆಗೆ ಹೋಗಿ ಗೊರಕೆ ಹೊಡೆಯುತ್ತಿದ್ದವನು, ಆಮೇಲಿನದು ನನಗೆ ತಿಳಿಯದು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ನೀವು ಬೇಡವೆಂದಿರಿ.

ಚಿತ್ರ ಚೆನ್ನಾಗಿ ಬರುತ್ತಿದೆ. ಮೃಗಶಿರದ ಎಡಗಡೆ ಗುಲಾಬಿಯಂಥ ಒಂದು ನೀಹಾರಿಕೆ, ಅದೇ ಅವನು ಅರ್ಧ ಬಿಟ್ಟದ್ದು. ನಲವತ್ತು ಗಂಟೆ ಬೆಳಕು ಕೂಡಿಸಬೇಕೆಂದು ಬರೆದಿಟ್ಟಿದ್ದಾನೆ. ಇಪ್ಪತ್ತೆಂಟಾಗಿದೆ.

ಆದರೆ ಒಂದು ವಿಚಿತ್ರ. ದಿನಾ ಬೆಳಿಗ್ಗೆ ಎಣಿಸಿದರೆ ಒಂದು ಚಿತ್ರ ಜಾಸ್ತಿ ಇರುತ್ತದೆ. ಅದು ಆಕಾಶದ್ದಲ್ಲ. ರಾತ್ರಿ ಸರಿಯಾಗಿ ಎರಡೂ ನಲವತ್ತಕ್ಕೆ ಯಂತ್ರ ಗುಲಾಬಿಯನ್ನು ಅಲ್ಲೇ ಬಿಟ್ಟು, ಕತ್ತು ಬಗ್ಗಿಸಿ, ನೆಲದ ಕಡೆ ಎಲ್ಲೋ ಇಪ್ಪತ್ತು ಸೆಕೆಂಡು ನೋಡಿ, ಏನೂ ಆಗದವರ ಹಾಗೆ ಮೇಲಕ್ಕೆ ಹೋಗುತ್ತದೆ. ನಾನು ಹೇಳಿಕೊಟ್ಟದ್ದಲ್ಲ. ಪಟ್ಟಿ ತೆಗೆದು ನೋಡಿದೆ. ಅಲ್ಲಿ ಶಿವರುದ್ರ ಒಂದೇ ಪದ ಬರೆದಿದ್ದಾನೆ: ‘ನೀರು’. ಕುಂಭರಾಶಿಯಿರಬೇಕೆಂದುಕೊಂಡೆ. ಕುಂಭ ಆ ಹೊತ್ತಿಗೆ ಮುಳುಗಿ ಎಷ್ಟೋ ಗಂಟೆಯಾಗಿರುತ್ತದೆ.

ಚಿತ್ರದಲ್ಲಿರುವುದನ್ನು ಹೇಳಲೇ? ಸುತ್ತ ಕಪ್ಪು. ನಡುವೆ ಮಂಕು ನೀಲಿಯ ಒಂದು ಚೌಕ. ಅದರೊಳಗೆ ತಲೆ ಕೆಳಗಾಗಿ, ಬಾವಲಿಯಂತೆ ನೇತುಬಿದ್ದ ಒಬ್ಬ ಮನುಷ್ಯ. ಮುಖವಿಲ್ಲ. ತಲೆ ಗುಂಡಗೆ, ಕಿವಿಯಿಲ್ಲ. ಅವನ ಎದೆಯ ಮೂಲಕ ಹಿಂದಿನ ಗೋಡೆ ಕಾಣುತ್ತದೆ. ಒಂದು ದಿನವಲ್ಲ, ಹೆಚ್ಚುಕಮ್ಮಿ ಎಲ್ಲ ದಿನವೂ ಅದೇ ಚೌಕ, ಅದೇ ಮನುಷ್ಯ. ಕೆಲವು ದಿನ ಅವನು ನೇರ ನಮ್ಮ ಕಡೆಗೇ ನೋಡುತ್ತಿರುವಂತಿದೆ.

ಒಂದು ಪ್ರತಿ ಇದರೊಂದಿಗಿಟ್ಟಿದ್ದೇನೆ. ಹೆದರಬೇಡಿ, ನಾನಂತೂ ಹೆದರಿಲ್ಲ. ಇಪ್ಪತ್ತೊಂಬತ್ತು ರಾತ್ರಿ ಆ ಯಂತ್ರದ ಪಕ್ಕದಲ್ಲಿ ಒಬ್ಬನೇ ಮಲಗಿದ್ದೇನೆ. ಅದು ಕತ್ತು ತಿರುಗಿಸುವ ಸದ್ದು, ಶಿವರುದ್ರ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದನಲ್ಲ, ಥೇಟು ಹಾಗೆ. ಕೇಳಿ ಮಗ್ಗುಲು ಬದಲಿಸಿ ಮಲಗುತ್ತೇನೆ. ಗಂಡೆದೆ ಎಂದರೆ ಇದು ಎಂದು ನೀವು ನಾಲ್ಕು ಜನಕ್ಕೆ ಹೇಳಬಹುದು.

ಎಂಟೆದೆಯ ಬಂಟ,
ಮಹಾಲಿಂಗ


ಆಳಂದ
29 ಡಿಸೆಂಬರ್ 2006

ಮಹಾಲಿಂಗಣ್ಣನವರಿಗೆ ಶರಣು.

ನೀವು ಭಾಳ ಓದಿದವರು. ಆದರೆ ಫೋಟೋವನ್ನು ಒಂದು ಸಲ ತಿರುಗಿಸಿ ಹಿಡಿಯಬೇಕು ಅಂತ ನಿಮಗೆ ಯಾಕೆ ಹೊಳೆಯಲಿಲ್ಲ? ಕ್ಯಾಮೆರಾ ತಲೆಕೆಳಗಾಗಿತ್ತು, ಮನುಷ್ಯನಲ್ಲ.

ತಿರುಗಿಸಿದೆ. ಅದು ನಮ್ಮ ಅಡುಗೆಮನೆ ಕಿಟಕಿ. ಮೂಲೆಯ ಸರಳಿಗೆ ನಾನು ಕಟ್ಟಿದ ನೀರಿನ ಜಗ್ಗು ಇನ್ನೂ ನೇತಾಡುತ್ತಿದೆ. ಆ ನೀಲಿ ಬೆಳಕು ನಮ್ಮ ಝೀರೋ ಬಲ್ಬಿನದು.

‘ನೀರು’ ಅಂದರೆ ಏನಂತ ನಾನು ಹೇಳುತ್ತೇನೆ. ನಮ್ಮ ಬಿಲ್ಡಿಂಗಿನ ನಳಕ್ಕೆ ನೀರು ಬರುವುದು ರಾತ್ರಿ ಎರಡೂ ನಲವತ್ತಕ್ಕೆ, ಬರೀ ಇಪ್ಪತ್ತೈದು ನಿಮಿಷ. ಆಗ ಎದ್ದು ಹಿಡಿಯದಿದ್ದರೆ ಮರುದಿನವೆಲ್ಲ ಒಣ ಕೊಡ. ನಾನು ಎದ್ದು ಝೀರೋ ಬಲ್ಬು ಹಚ್ಚಿ ತುಂಬುತ್ತಿದ್ದೆ. ಯಾವ ದಿನ ನಿದ್ದೆ ಹತ್ತಿತೋ ಆ ದಿನವೇ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಎರಡು ರಿಂಗು. ಎತ್ತುವುದರೊಳಗೆ ಬಂದ್. ಬೆಳಿಗ್ಗೆ ಇವರ ಮುಂದೆಯೇ ಬೈಯುತ್ತಿದ್ದೆ: ‘ಯಾವನೋ ಸುಡುಗಾಡ ರಾಂಗ್ ನಂಬರ್‌ನಾಂವ, ಅವನ ಕೈ ಸೇದಿಹೋಗ್ಲಿ!’ ಇವರು ಚಾ ಕುಡಿಯುತ್ತ ಕೇಳುತ್ತಿದ್ದರು. ‘ಹೋಗ್ಲಿ ಬಿಡು, ನೀರರೆ ಸಿಕ್ತಲ್ಲ’ ಅನ್ನುತ್ತಿದ್ದರು. ನಾಲ್ಕು ವರ್ಷ ನನ್ನ ಬೈಗುಳ ತಿಂದರು. ಕಿಟಕಿಯಲ್ಲಿ ದೀಪ ಕಾಣದ ರಾತ್ರಿ ಮಾಳಿಗೆಯಿಂದ ಫೋನು ಹೊಡೆದವರು ತಾವೇ ಅಂತ ಒಂದು ದಿನವೂ ಹೇಳಲಿಲ್ಲ.

ನೀವು ನನ್ನ ಪ್ರಶ್ನೆಗೆ ಇಲ್ಲ ಅಂತ ಉತ್ತರ ಬರೆದಿರಿ. ಉತ್ತರ ಅದೇ ಲಕೋಟೆಯೊಳಗೇ ಇತ್ತು.

ಈಗ ಹೇಳಿರಿ ಅಣ್ಣಾ, ಅಲ್ಲಿ ನಿಂತವರು ಯಾರು? ನನ್ನ ಕೀಲಿ ನನ್ನ ಸೆರಗಿನಲ್ಲಿದೆ. ಅವರ ಕೀಲಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ತಡೆಯಲಾರದೆ ಅಂಗಡಿಯಿಂದ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹುಲಿಗೆಪ್ಪನಿಗೆ ಫೋನು ಮಾಡಿದೆ.

‘ಹುಲಿಗೆಪ್ಪಾ, ನಮ್ಮ ಮನ್ಯಾಗ ಯಾರರೆ ಇದ್ದಾರೇನೋ?’

‘ಯ... ಯಾರಿಲ್ರಿ ಅಕ್ಕಾರ. ಯಾರಿರ್ತಾರ್ರಿ, ಕೀಲಿ ಹಾಕೇದಲ್ರಿ.’

‘ರಾತ್ರಿ ಲೈಟ್ ಹತ್ತತದೇನು?’

‘ಲೈಟಾ? ನಾ ಮ್ಯಾಲ ನೋಡಂಗಿಲ್ರಿ. ನಳದ ಸಪ್ಪಳ ಬರ್ತದ್ರಿ, ಕೊಡಾ ಇಟ್ಟಂಗ ಸಪ್ಪಳ ಬರ್ತದ್ರಿ. ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೀನಿ, ನನಗ ಮಾತ್ರ ಕೇಳಬ್ಯಾಡ್ರಿ.’

ಫೋನು ಇಟ್ಟುಬಿಟ್ಟ. ಒಮ್ಮೆ ಹಾವನ್ನು ಬರಿಗೈಯಿಂದ ಹಿಡಿದು ಕಾಂಪೌಂಡಿನ ಆಚೆ ಒಗೆದವನು ಅವನು. ಅವನ ದನಿ ಹಾಗೆ ನಡುಗಿದ್ದು ನಾನು ಕೇಳಿಲ್ಲ.

ಉಳಿದ ಫೋಟೋ ಎಲ್ಲ ಕಳಿಸಿರಿ. ಎಲ್ಲ.

ಶರಣಮ್ಮ


ಹಡಪಸರ
6 ಜನವರಿ 2007

ವೈನಿಯವರಿಗೆ,

ಹೊಸ ವರ್ಷದ ಶುಭಾಶಯಗಳು. ಪತ್ರ ಚಿಕ್ಕದಾಯಿತು, ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ.

ಚಿತ್ರದ ವಿಷಯವನ್ನು ನಾನು ಅಷ್ಟು ಬಣ್ಣಿಸಬಾರದಿತ್ತು. ನಕ್ಷತ್ರಕ್ಕೆ ಹೊಂದಿಸಿದ ಕಣ್ಣಿಗೆ ಅಡುಗೆಮನೆ ತೀರಾ ಹತ್ತಿರ. ಎಲ್ಲ ಮಸಕಾಗುತ್ತದೆ. ಮಸಕಿನಲ್ಲಿ ಮನಸ್ಸು ಬೇಕಾದ್ದನ್ನು ನೋಡುತ್ತದೆ. ಒಂದು ಪರದೆ, ಒಂದು ಟವೆಲು, ಮಸೂರದ ಮೇಲಿನ ಇಬ್ಬನಿ, ಹೀಗೆ ಏನು ಬೇಕಾದರೂ ಇರಬಹುದು. ಉಳಿದ ಪ್ರತಿಗಳು ಕಳಿಸುವಂಥವಲ್ಲ. ಪ್ರಿಂಟರೂ ಕೆಟ್ಟಿದೆ.

ಹುಲಿಗೆಪ್ಪನ ಮಾತಿಗೆ ಕಿವಿಗೊಡಬೇಡಿ. ಅವನು ರಾತ್ರಿ ಏನೇನೋ ಕಲ್ಪಿಸಿಕೊಳ್ಳುವವನು.

ನೀವು ಕೆಲಸಕ್ಕೆ ಸೇರಿಕೊಳ್ಳಿ. ಮನೆ ಖಾಲಿ ಮಾಡಲು ನೀವೇ ಬರಬೇಕೆಂದಿಲ್ಲ, ಸಾಮಾನು ನಾನು ಲಾರಿಗೆ ಹಾಕಿಸುತ್ತೇನೆ.

ಮಹಾಲಿಂಗ


ಆಳಂದ
13 ಜನವರಿ 2007

ಮಹಾಲಿಂಗಣ್ಣನವರಿಗೆ,

ನಿಮ್ಮ ಪತ್ರದಲ್ಲಿ ಒಂದೂ ಚೇಷ್ಟೆ ಇರಲಿಲ್ಲ. ಆಗಲೇ ನನಗೆ ಖಾತ್ರಿಯಾಯಿತು. ನೀವೂ ಅವರನ್ನು ಕಂಡಿದ್ದೀರಿ.

ಟವೆಲು ಕೊಡ ಇಡುತ್ತದೆಯೇನು ಅಣ್ಣಾ?

ನಾನು ಕೆಲಸಕ್ಕೆ ಸೇರುವುದಿಲ್ಲ. ಇಪ್ಪತ್ತೆರಡಕ್ಕೆ, ಸೋಮವಾರ, ಆರ್ಡರ್ ಕಾಗದ ಕಚೇರಿಗೆ ವಾಪಸು ಕೊಡುತ್ತೇನೆ. ಮರುದಿನದ ಗಾಡಿಗೆ ಪುಣೆಗೆ ಬರುತ್ತೇನೆ. ಮನೆ ಬಿಡುವುದಿಲ್ಲ ಅಂತ ಅಪ್ಪಾಸಾಹೇಬರಿಗೆ ಹೇಳಿದ್ದಾಯಿತು. ಅಂಬಣ್ಣ ಕೂಗಾಡಿದ. ‘ಹುಚ್ಚ ಹಿಡದದೇನವಾ ನಿನಗ? ಕೈಗಿ ಬಂದ ನೌಕರಿ ಒದ್ದು, ಖಾಲಿ ಮನಿ ಕಾಯಾಕ ಹೊಂಟೀಯಲ್ಲ!’ ನಾನು ಅಂದೆ: ‘ಖಾಲಿ ಇಲ್ಲೋ ಅಣ್ಣಾ. ಅವರು ದಿನಾ ನೀರಿಗಿ ಎದ್ದು ನಿಂತಾರ. ನಾ ಇಲ್ಲಿ ಬೆಚ್ಚಗ ಮಲಗೀನಿ.’

ನಾಲ್ಕು ವರ್ಷ ಅವರು ನನ್ನನ್ನು ನೋಡಿದರು, ನನಗೆ ಗೊತ್ತಾಗಲಿಲ್ಲ. ಇನ್ನು ಮುಂದೆ ಎರಡೂ ನಲವತ್ತಕ್ಕೆ ನಾನು ಎಚ್ಚರ ಇರುತ್ತೇನೆ.

ಶರಣಮ್ಮ


ಹಡಪಸರ
17 ಜನವರಿ 2007
(ಸ್ಪೀಡ್ ಪೋಸ್ಟ್)

ವೈನಿಯವರಿಗೆ,

ಈ ಪತ್ರವನ್ನು ಅಂಬಣ್ಣನವರ ಎದುರೇ ಓದಿ. ಸೋಮವಾರಕ್ಕೆ ಮೊದಲು ಓದಿ. ಆ ಆರ್ಡರ್ ಕಾಗದ ವಾಪಸು ಕೊಡಬೇಡಿ.

ಕಿಟಕಿಯಲ್ಲಿ ನಿಂತವನು ಶಿವರುದ್ರನಲ್ಲ. ನಾನು.

ಮೊದಲ ರಾತ್ರಿ, ನವೆಂಬರ್ ಇಪ್ಪತ್ತಕ್ಕೆ, ನಿಜವಾಗಿಯೂ ಟೆರೇಸಿನಲ್ಲಿ ಹಾಸಿಗೆ ಹಾಸಿದೆ. ಪಕ್ಕದಲ್ಲಿ ಶಿವರುದ್ರನ ಪ್ಲಾಸ್ಟಿಕ್ ಕುರ್ಚಿ, ಅವನು ಬಿಟ್ಟುಹೋದ ಕೋನದಲ್ಲೇ ಇತ್ತು. ದೀಪ ಆರಿಸಿದೆ. ಸ್ವಲ್ಪ ಹೊತ್ತಿಗೆ ಯಂತ್ರ ಗಂಟಲು ಸರಿಮಾಡಿಕೊಂಡಿತು. ಕತ್ತು ತಿರುಗಿತು. ದೂರದರ್ಶಕದ ಕಪ್ಪು ಬಾಯಿ ನಿಧಾನವಾಗಿ ನನ್ನ ಮುಖದ ಮೇಲಿಂದ ಹಾದು, ಕುರ್ಚಿಯ ಮೇಲಿಂದ ಹಾದು, ಮೇಲಕ್ಕೆ ಹೋಯಿತು. ನಾನು ಹಾಸಿಗೆಯ ಮೇಲೆ ಇದ್ದದ್ದು ಒಟ್ಟು ಹನ್ನೊಂದು ನಿಮಿಷ. ಚಪ್ಪಲಿ ಅಲ್ಲೇ ಬಿಟ್ಟು ಇಳಿದೆ. ನನ್ನ ಕೋಣೆಯ ಬಾಗಿಲೂ ಅದೇ ಟೆರೇಸಿಗೆ ತೆರೆಯುತ್ತದೆ, ಅಲ್ಲೂ ಮಲಗುವಂತಿರಲಿಲ್ಲ. ಅಣ್ಣನ ಮನೆಗೆ ಹೋದರೆ ಜೀವಮಾನವಿಡೀ ನಗುತ್ತಾನೆ. ದೂರದರ್ಶಕದ ಪೆಟ್ಟಿಗೆಯ ಸ್ಪಂಜಿನೊಳಗೆ ಶಿವರುದ್ರನ ಕೀಲಿ ಸಿಕ್ಕಿತ್ತು. ನಿಮಗೆ ತಿಳಿಸಬೇಕೆಂದಿದ್ದೆ, ತಿಳಿಸಲಿಲ್ಲ. ಅದನ್ನು ಹಿಡಿದು ನಿಮ್ಮ ಮನೆಗೆ ಹೋಗಿ ಮಲಗಿದೆ. ಯಂತ್ರ ತಾನೇ ತಾನಾಗಿ ಕೆಲಸ ಮಾಡುತ್ತದಲ್ಲ, ನಾನು ಅಲ್ಲಿಲ್ಲವೆಂದು ಯಾರಿಗೆ ತಿಳಿಯಬೇಕು? ಹೀಗೆ ಐವತ್ತೇಳು ರಾತ್ರಿ. ಯಾರಿಗೂ ಹೇಳಬಾರದೆಂದು ಹುಲಿಗೆಪ್ಪನಿಂದ ಆಣೆ ಮಾಡಿಸಿಕೊಂಡಿದ್ದೆ. ಫೋನಿನಲ್ಲಿ ಅವನ ದನಿ ನಡುಗಿದ್ದು ದೆವ್ವದ ಹೆದರಿಕೆಯಿಂದಲ್ಲ, ನಿಮಗೆ ಸುಳ್ಳು ಹೇಳಬೇಕಾಯಿತಲ್ಲ ಎಂಬ ಸಂಕಟಕ್ಕೆ.

ಊರಿಗೆ ಹೊರಡುವಾಗ ನೀವು ನಳ ತೆರೆದೇ ಇಟ್ಟು ಹೋಗಿದ್ದಿರಿ. ಎರಡೂ ನಲವತ್ತಕ್ಕೆ ಅದು ಮೊದಲು ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತದೆ, ಆಮೇಲೆ ನೀರು. ಮೊದಲ ದಿನ ಅದಕ್ಕೂ ಹಾರಿಬಿದ್ದೆ. ಎದ್ದು ಝೀರೋ ಬಲ್ಬು ಹಚ್ಚಿ, ನಳ ನಿಲ್ಲಿಸುವ ಬದಲು ಕೊಡ ಇಟ್ಟೆ. ಯಾಕೆಂದು ಕೇಳಬೇಡಿ. ಆಮೇಲೆ ದಿನಾ ಇಟ್ಟೆ. ನಿಮ್ಮ ಎರಡು ಕೊಡ, ಒಂದು ಹಂಡೆ ಈಗಲೂ ತುಂಬಿವೆ. ಕೊಡ ತುಂಬುವಷ್ಟು ಹೊತ್ತು ಕಿಟಕಿಯಲ್ಲಿ ನಿಂತು, ದೂರದ ಟೆರೇಸಿನಲ್ಲಿ ಯಂತ್ರದ ಕೆಂಪು ಚುಕ್ಕೆ ಉರಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಅದೇ ಹೊತ್ತಿಗೆ ಅದು ನನ್ನನ್ನು ನೋಡುತ್ತಿತ್ತು. ಇಪ್ಪತ್ತು ಸೆಕೆಂಡಿನಲ್ಲಿ ಅರ್ಧ ಹೊತ್ತು ನಿಂತು ಅರ್ಧ ಹೊತ್ತು ಸರಿದುಹೋದವನು ಚಿತ್ರದಲ್ಲಿ ಗಾಜಿನಂತಾಗುತ್ತಾನೆ. ಕಿವಿಯಿಲ್ಲದ ಗುಂಡು ತಲೆ ನನ್ನ ಮಂಕಿ ಟೋಪಿಯದು. ಡಿಸೆಂಬರಿನ ಪತ್ರ ಬರೆಯುವಾಗ ಅದು ಯಾವ ಕಿಟಕಿ, ಯಾರ ತಲೆ ಎಂದು ನಿಜವಾಗಿ ತಿಳಿದಿರಲಿಲ್ಲ. ಅಂಥ ಯಾವ ಚಿತ್ರವನ್ನೂ ಎರಡನೇ ಸಲ ತೆರೆದು ನೋಡುವ ಧೈರ್ಯ ನನಗೆ ಬಂದಿರಲಿಲ್ಲ. ನಿಮ್ಮ ಪತ್ರ ಓದಿದಾಗ ತಿಳಿಯಿತು. ಆಗಲೇ ಹೇಳಬೇಕಿತ್ತು. ನಾಚಿಕೆಯಿಂದ ಟವೆಲಿನ ಮೇಲೆ ಹಾಕಿದೆ.

ಆದರೆ ಯಂತ್ರಕ್ಕೆ ಆ ಕಿಟಕಿಯನ್ನು ತೋರಿಸಿಕೊಟ್ಟವನು ಅವನೇ. ಆ ಎರಡು ರಿಂಗು ಅವನದೇ. ಅದರಲ್ಲಿ ನನ್ನ ಕೈ ಒಂದಿಷ್ಟೂ ಇಲ್ಲ. ಅದು ಪೂರ್ತಿ ನಿಮ್ಮದು, ಆಳಂದಕ್ಕೆ ಇಟ್ಟುಕೊಂಡು ಹೋಗಿ. ಮನೆಯಲ್ಲಿ ಮಾತ್ರ ಯಾರೂ ಇಲ್ಲ ವೈನಿ.

ಸಾಕ್ಷಿಗೆ ನಿನ್ನೆಯ ಚಿತ್ರ ಇಟ್ಟಿದ್ದೇನೆ. ನಿನ್ನೆ ನಾನು ಹೋಗಲಿಲ್ಲ. ನೋಡಿ, ಪೂರಾ ಕಪ್ಪು, ಹೇಗೆ ತಿರುಗಿಸಿದರೂ ಕಪ್ಪು. ಎರಡೂ ನಲವತ್ತಕ್ಕೆ ಆ ಕಪ್ಪು ಚೌಕ ಲ್ಯಾಪ್‌ಟಾಪಿನಲ್ಲಿ ಮೂಡಿದಾಗ, ನನಗೇ ಅರಿವಿಲ್ಲದೆ ಕೈ ಮೊಬೈಲಿಗೆ ಹೋಗಿ ನಿಮ್ಮ ಮನೆಯ ನಂಬರು ಒತ್ತತೊಡಗಿತ್ತು. ಅರ್ಧಕ್ಕೆ ನಿಲ್ಲಿಸಿದೆ. ‘ನೀರು’ ಎಂಬ ಸಾಲನ್ನು ಪಟ್ಟಿಯಿಂದ ಅಳಿಸಬೇಕೆಂದಿದ್ದೆ, ಅದೂ ಆಗಲಿಲ್ಲ. ಅದನ್ನು ಅಳಿಸಬೇಕಾದವರು ನೀವು.

ಹಾಗಾದರೆ ನಿನ್ನೆಯಾದರೂ ಟೆರೇಸಿನಲ್ಲಿ ಒಬ್ಬನೇ ಕುಳಿತು ಕಾದೆ ಎಂದು ಬರೆಯಲು ಪೆನ್ನು ತುಡಿಯುತ್ತಿದೆ. ಇಲ್ಲ. ಹುಲಿಗೆಪ್ಪನನ್ನು ಕಾಡಿಬೇಡಿ ಕರೆತಂದಿದ್ದೆ. ಯಂತ್ರ ಕತ್ತು ತಿರುಗಿಸಿದಾಗ ಅವನ ಕೈ ಹಿಡಿದುಕೊಂಡೆ. ‘ಸರ, ಇನ್ನರೆ ಕೈ ಬಿಡ್ರಿ, ಬೀಡಿ ಹಚ್ಚಬೇಕಾಗ್ಯದ’ ಎಂದು ಅವನು ಎರಡು ಸಲ ಕೇಳಿದ. ಬೆಳಕು ಹರಿಯುವ ತನಕ ನಾನು ಬಿಡಲಿಲ್ಲ.

ನಿಮ್ಮ ಕ್ಷಮೆಗೆ ಕಾದಿರುವ,
ಮಹಾಲಿಂಗ